ಸಾಹುಕಾರನ ಹಸಿರು

ನಮ್ಮೂರಿನ ತರಕಾರಿ ಗಾಡಿಗಳ ಮೇಲೆ ಬೆಲೆಯ ಬೋರ್ಡಿಗಿಂತ ದೊಡ್ಡದಾಗಿ ಇನ್ನೊಂದು ಬೋರ್ಡು ಇರುತ್ತದೆ: "ಕುಂಚ ತಾಗಿಸಬೇಡಿ." ಸೀರೆ ಅಂಗಡಿಯವರು ಒಳಗೆ ಬಿಡುವ ಮೊದಲು ನಮ್ಮ ಚೀಲ ತಡಕಿ ನೋಡುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು, ಅಡುಗೆ ಎಲ್ಲ ವಿಚಾರಿಸಿದ ಮೇಲೆ ದನಿ ತಗ್ಗಿಸಿ, "ಚಿತ್ರ ಗಿತ್ರ ಏನೂ ಬರೆಯಲ್ಲ ತಾನೇ?" ಅನ್ನುತ್ತಾರೆ. ಅನ್ನುವಾಗಲೇ ಅವರ ಕಣ್ಣು ಕಿಟಕಿಯ ಪರದೆಯ ಕಡೆ ಹೋಗಿರುತ್ತದೆ. ಪರದೆ ಪೇಲವವಾಗಿ ಕಂಡರೆ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ.

ಬಣ್ಣ ಮಾರುವ ಅಂಗಡಿ ನಮ್ಮಲ್ಲಿಲ್ಲ. ಬಣ್ಣ ಬೇಕಾದವರು ಒದ್ದೆ ಕುಂಚ ಹಿಡಿದು ಬಣ್ಣ ಇರುವ ಕಡೆಗೆ ಹೋಗಬೇಕು. ಟೊಮೇಟೊ ಮೇಲೆ ಕುಂಚದ ತುದಿ ಇಟ್ಟರೆ ಕೆಂಪು ಏರಿ ಬರುತ್ತದೆ, ಅಷ್ಟು ಜಾಗದಲ್ಲಿ ಟೊಮೇಟೊ ಸಪ್ಪಗಾಗುತ್ತದೆ. ಒಂದು ತುದಿಯಷ್ಟೇ ತೆಗೆದರೆ ಬೆಳಗಾಗುವಷ್ಟರಲ್ಲಿ ಅದು ಮತ್ತೆ ತುಂಬಿಕೊಳ್ಳುತ್ತದೆ. ಪೂರ್ತಿ ಹೀರಿಬಿಟ್ಟರೆ ಮುಗಿಯಿತು, ಬಿಳಿಚಿದ್ದು ಬಿಳಿಚಿದ ಹಾಗೇ. ನಮ್ಮ ಬಿಳೀ ಅಂಚೆ ಡಬ್ಬಿ, ಪಾರ್ಕಿನ ಬಿಳೀ ದಾಸವಾಳದ ಪೊದೆ, ಎಲೆಗಳೂ ಬಿಳಿ, ಒಂದೊಂದರ ಹಿಂದೆಯೂ ಒಬ್ಬ ಅವಸರದ ಕಲಾವಿದನಿದ್ದಾನೆ. ಕಪ್ಪಿಗೆ ಮಾತ್ರ ಯಾರ ಹಂಗೂ ಬೇಡ, ತಲೆಗೂದಲು ಇದೆಯಲ್ಲ. ಹಾಗಾಗಿ ಕಲಾವಿದರೆಲ್ಲ ಹದಿನೆಂಟಕ್ಕೇ ತಲೆ ನರೆತು ಓಡಾಡುತ್ತಾರೆ. ನನ್ನ ಹಣೆಯ ಮೇಲೂ ಒಂದು ಬಿಳೀ ಎಳೆ ಇದೆ. ಅದು ಎಂಟನೇ ಕ್ಲಾಸಿನಲ್ಲಿ ಬರೆದ ರೈಲು.

ನಾನು ಸುಗುಣ. ಮನೆಯಲ್ಲಿ ಸುಗ್ಗಿ. ಡಿಗ್ರಿ ಎರಡನೇ ವರ್ಷ. ಅಪ್ಪ ಅಮ್ಮ ಇಬ್ಬರೂ ಬಿಸ್ಕತ್ತು ಫ್ಯಾಕ್ಟರಿಯ ಪಾಳಿಯಲ್ಲಿ ಇರುವುದರಿಂದ ನನ್ನನ್ನು ಬೆಳೆಸಿದ್ದೂ ಬೈದಿದ್ದೂ ಅಜ್ಜಿ ಪುಟ್ಟಗೌರಮ್ಮ. ಚಿತ್ರದ ಹುಚ್ಚು ಹತ್ತಿತೆಂದರೆ ನನಗೆ ಊಟ ಬೇಡ, ಸ್ನಾನ ಬೇಡ, ವಾರಗಟ್ಟಲೆ ಅದೇ. ಆಮೇಲೆ ಎರಡು ತಿಂಗಳು ಕುಂಚದ ಮುಖವನ್ನೂ ನೋಡುವುದಿಲ್ಲ. ಮಂಚದ ಕೆಳಗೆ ಅರ್ಧ ಆನೆ, ಕಾಲಿಲ್ಲದ ರಾಣಿ, ಒಂದೇ ಕಡೆ ದಡ ಇರುವ ನದಿ, ಹೀಗೆ ಒಂದು ರಾಶಿಯೇ ಇತ್ತು.

"ಇವಳಿಗೆ ಚಿತ್ರ ಅನ್ನೋದು ಜ್ವರದ ಹಾಗೆ ಬರುತ್ತೆ, ಜ್ವರದ ಹಾಗೆ ಬಿಡುತ್ತೆ. ಮಧ್ಯದಲ್ಲಿ ಗಂಜಿ ಕುಡಿಸೋಳು ನಾನು," ಎಂದು ಅಜ್ಜಿ ಬೀದಿಗೆಲ್ಲ ಸಾರುತ್ತಿದ್ದಳು.

ಅಜ್ಜಿಗೆ ಒಂದು ಗಿಣಿ ಇತ್ತು. ಮರಿಯಾಗಿದ್ದಾಗ ಗಾಳಿಗೆ ಪೊಟರೆಯಿಂದ ಬಿದ್ದದ್ದನ್ನು ಬಾಳೆಹಣ್ಣು ಹಿಸುಕಿ ತಿನ್ನಿಸಿ ಸಾಕಿದ್ದಳು. ಕೊಟ್ಟದ್ದನ್ನೆಲ್ಲ ಒಂದು ಕಚ್ಚಿ ಬಿಸಾಕುವ ಅದರ ದರ್ಬಾರು ನೋಡಿ ಸಾಹುಕಾರ ಎಂದು ಹೆಸರಿಟ್ಟಿದ್ದಳು. ಪಂಜರ ತರೋಣ ಎಂದು ಅಪ್ಪ ಒಮ್ಮೆ ಅಂದದ್ದಕ್ಕೆ, "ರೆಕ್ಕೆ ಇರೋನನ್ನ ಕೂಡಿಹಾಕೋಕೆ ನಾನೇನು ಜೈಲರಾ?" ಎಂದು ರೇಗಿದ್ದಳು. ಸಾಹುಕಾರ ಹಗಲೆಲ್ಲ ಗಿಣಿ ಹಿಂಡಿನ ಜೊತೆ ತಿರುಗಿ, ಸಂಜೆ ಹಿತ್ತಲ ಸೀಬೆಮರಕ್ಕೆ ಬಂದು ಗಲಾಟೆ ಮಾಡಿ, ಕತ್ತಲಾಗುವಾಗ ಅಡುಗೆಮನೆಯ ಕಿಟಕಿಗೆ ಬಂದು ಕೂರುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಒಂದೇ ಮಾತು. ನಾನು ಕುಂಚ ಹಿಡಿದು ಅರಿಶಿನದ ಡಬ್ಬಿಯ ಕಡೆಗೋ ಮಾವಿನಹಣ್ಣಿನ ಕಡೆಗೋ ಹೋದಾಗಲೆಲ್ಲ ಅಜ್ಜಿ ಕೂಗುತ್ತಿದ್ದ "ಕೈ ತೆಗಿ!" ಅದನ್ನೇ ಕಲಿತು ಹಾಲಿನವನಿಗೂ ಪೋಸ್ಟಿನವನಿಗೂ ಹೇಳುತ್ತಿದ್ದ.

ಹೋದ ವರ್ಷ ಬಸ್ ಸ್ಟ್ಯಾಂಡಿನ ಗೋಡೆ ನನಗೆ ಸಿಕ್ಕಿತು. ಪ್ರತಿ ವರ್ಷ ಚಿತ್ರ ಬರೆಯಲು ಕಾಲೇಜಿನ ಒಬ್ಬರಿಗೆ ಸಿಗುವ ಗೋಡೆ ಅದು. ನಮ್ಮ ಡ್ರಾಯಿಂಗಿನ ಇಂದ್ರಾಣಿ ಮೇಡಂ ನನ್ನ ಹೆಸರು ಕೂಗಿದಾಗ ನಾನು ಬೆಂಚಿನ ಮೇಲೆ ಹತ್ತಿ ಕುಣಿದೆ. "ಕಾಡು ಬರಿತೀನಿ ಮೇಡಂ, ನೆಲದಿಂದ ಸೂರಿನವರೆಗೆ ಕಾಡು!"

"ಬರಿಯಮ್ಮ. ತಿಂಗಳು ಟೈಮಿದೆ. ದಿನಾ ಒಂದಿಷ್ಟು ಮಾಡು," ಎಂದರು ಮೇಡಂ.

ದಿನಾ ಒಂದಿಷ್ಟು ಮಾಡುವವರು ಗುಮಾಸ್ತರು, ನಾನಲ್ಲ ಎಂದುಕೊಂಡೆ. ತಿಂಗಳೆಲ್ಲ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. ಸೋಮವಾರ ಉದ್ಘಾಟನೆ ಇದ್ದರೆ ಹಿಂದಿನ ಶುಕ್ರವಾರ ಜ್ವರ ಏರಿತು. ಸೀಬೆ, ನುಗ್ಗೆ, ಕರಿಬೇವು ಯಾವುದನ್ನೂ ಬಿಡದೆ ತುದಿ ತುದಿ ತೆಗೆದೆ. ತರಕಾರಿಯ ದೇವೀರಕ್ಕ ಕೊತ್ತಂಬರಿ ಕಟ್ಟನ್ನು ಸೆರಗಲ್ಲಿ ಮುಚ್ಚಿಕೊಂಡು, "ಬಂದ್ಲು ನೋಡ್ರಪ್ಪ ಬಣ್ಣಗಳ್ಳಿ!" ಎಂದು ತಕ್ಕಡಿ ಎತ್ತಿಕೊಂಡು ಬೀದಿಯ ಕೊನೆಯವರೆಗೂ ಅಟ್ಟಿಸಿಕೊಂಡು ಬಂದಳು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕಾಡೆಲ್ಲ ಎದ್ದು ನಿಂತಿತ್ತು. ನಟ್ಟನಡುವೆ, ದೊಡ್ಡ ಮರದ ನೆತ್ತಿಯ ಮೇಲೆ ಬಿಸಿಲು ಬೀಳುವ ಜಾಗ ಮಾತ್ರ ಖಾಲಿ. ಆ ಹಸಿರು ನನಗೆ ಯಾವ ಎಲೆಯಲ್ಲೂ ಸಿಗಲಿಲ್ಲ.

ಮನೆಗೆ ಬಂದೆ. ಅಜ್ಜಿ ಮಲಗಿದ್ದಳು. ಸಾಹುಕಾರ ಅವತ್ತು ಯಾಕೋ ಹಿಂಡಿನ ಜೊತೆ ಹೋಗದೆ ಕಿಟಕಿಯ ಸರಳಿನ ಮೇಲೆ ಕೂತಿದ್ದ. ಬೆನ್ನ ಮೇಲೆ ಬಿಸಿಲು. ನಾನು ಹುಡುಕುತ್ತಿದ್ದ ಹಸಿರು ಅಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು.

ಒಂದು ತುದಿ ಎಂದುಕೊಂಡೆ. ಎಡಗೈಯಲ್ಲಿ ಮೆಣಸಿನಕಾಯಿ ಹಿಡಿದೆ, ಅವನು ಕಚ್ಚುತ್ತಾ ಕೂತ. ಬಲಗೈಯಲ್ಲಿ ಬೆನ್ನ ಮೇಲೆ ಕುಂಚ ಇಟ್ಟೆ. ಆಮೇಲೆ ಇನ್ನೊಂದು ತುದಿ. ಆಮೇಲೆ ರೆಕ್ಕೆ. ಕುಂಚವನ್ನು ಡಬ್ಬಿಗೆ ಜಾಡಿಸುವುದು, ಮತ್ತೆ ಇಡುವುದು. ನಾನು ಕತ್ತು ಕೆರೆಯುತ್ತಿದ್ದೇನೆ ಎಂದುಕೊಂಡನೋ ಏನೋ, ಕಣ್ಣು ಅರ್ಧ ಮುಚ್ಚಿ ತಲೆ ಬಗ್ಗಿಸಿಕೊಟ್ಟ. ಊರಿಗೆಲ್ಲ ಕೈ ತೆಗಿ ಅನ್ನುವವನು ಅವತ್ತು ನನಗೆ ಅನ್ನಲಿಲ್ಲ.

ಗೋಡೆ ಎಲ್ಲರಿಗೂ ಹಿಡಿಸಿತು. ಆ ಮರದ ನೆತ್ತಿಯ ಕೆಳಗೆ ನಿಂತವರು ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಿದ್ದರು, ನಿಜವಾದ ಬಿಸಿಲು ಬಿದ್ದ ಹಾಗೆ. ಚಪ್ಪಾಳೆಯೋ ಚಪ್ಪಾಳೆ. ನಾನು ನಗುತ್ತಾ ನಿಂತಿದ್ದೆ. ಮನೆಯಲ್ಲಿ ಅಡುಗೆಮನೆಯ ಕಿಟಕಿಯ ಮೇಲೆ ಹತ್ತಿಯ ಉಂಡೆಯ ಹಾಗೆ, ಕೊಕ್ಕು ಮಾತ್ರ ಕೆಂಪಗೆ, ಸಾಹುಕಾರ ಕೂತಿದ್ದ.

ಸಂಜೆ ಹಿಂಡು ಸೀಬೆಮರಕ್ಕೆ ಬಂದಾಗ ಅವನೂ ಹಾರಿಹೋಗಿ ಕೊಂಬೆಯ ಮೇಲೆ ಕೂತ. ಗಿಣಿಗಳೆಲ್ಲ ಒಮ್ಮೆಲೇ ಸುಮ್ಮನಾದವು. ಆಮೇಲೆ ಮೇಲೆ ಬಿದ್ದು ಕುಕ್ಕಿದವು. ಅವನು ತಪ್ಪಿಸಿಕೊಂಡು ಮರದ ನೆತ್ತಿಗೆ ಏರಿದ್ದೇ ತಡ, ಎಲ್ಲಿಂದಲೋ ಒಂದು ಗಿಡುಗ ಎರಗಿತು. ಹಸಿರು ಎಲೆಗಳ ನಡುವೆ ಅಷ್ಟು ಬೆಳ್ಳಗಿದ್ದರೆ ಯಾವ ಗಿಡುಗಕ್ಕೆ ಕಾಣುವುದಿಲ್ಲ? ಹೇಗೋ ಕಿಟಕಿಗೆ ನುಗ್ಗಿ, ಮಂಚದ ಕೆಳಗೆ ನನ್ನ ಅರ್ಧ ಆನೆಯ ಹಿಂದೆ ಹೋಗಿ ಸೇರಿಕೊಂಡ.

ಮಾರನೇ ದಿನ ಅಜ್ಜಿ ದೇವೀರಕ್ಕನ ಮನೆಯಿಂದ ಅವಳ ಮೊಲದ ಪಂಜರ ಕೇಳಿ ತಂದಳು. ಸಾಹುಕಾರನನ್ನು ತಾನೇ ಎತ್ತಿ ಒಳಗಿಟ್ಟಳು. ಚಿಲಕ ಬೀಳುತ್ತಿರಲಿಲ್ಲ. "ದರಿದ್ರದ್ದು, ಹಾಳಾಗಿ ಹೋಗ, ಮನೆಮುರುಕ ಚಿಲಕ," ಎಂದು ಅರ್ಧ ಗಂಟೆ ಬೈದಳು. ನನಗೆ ಒಂದು ಮಾತೂ ಅನ್ನಲಿಲ್ಲ, ಎಲ್ಲ ಬೈಗುಳವೂ ಚಿಲಕಕ್ಕೇ ಹೋಯಿತು.

ಆ ಪಂಜರದ ಬಾಗಿಲು ತೆಗೆಸಲೇಬೇಕು ಎಂದು ನಾನು ಅವತ್ತೇ ಹಟ ಹಿಡಿದೆ. ಅದು ಬಿಟ್ಟು ಬೇರೆ ಯಾವ ಯೋಚನೆಯೂ ಇರಲಿಲ್ಲ.

ಮೊದಲು ಬಸ್ ಸ್ಟ್ಯಾಂಡಿಗೆ ಹೋಗಿ ಗೋಡೆಯ ಮೇಲೆ ಕುಂಚ ಇಟ್ಟೆ. ಚಿತ್ರವಾದ ಬಣ್ಣ ತಿರುಗಿ ಬರುವುದಿಲ್ಲ ಎಂದು ಊರಿನ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಇಟ್ಟೆ. ಕುಂಚ ಬರಿದಾಗಿಯೇ ಬಂತು. ಸರಿ, ಬೇರೆ ಹಸಿರು ತಂದು ಬಳಿದರಾಯಿತು ಎಂದು ಹಿತ್ತಲಿನ ಹೀರೇಬಳ್ಳಿಗೆ ಕೈ ಹಾಕಿದೆ. ಒಂದೇ ಮಧ್ಯಾಹ್ನದಲ್ಲಿ ಬಳ್ಳಿಯನ್ನು ಪೂರ್ತಿ ಹೀರಿ, ಸಾಹುಕಾರನನ್ನು ಟವೆಲಿನಲ್ಲಿ ಸುತ್ತಿ ಹಿಡಿದು, ಕೊಕ್ಕಿನಿಂದ ಬಾಲದವರೆಗೆ ಬಳಿದೆ. ಅವನು ನನ್ನ ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿ, "ಕೈ ತೆಗಿ! ಕೈ ತೆಗಿ!" ಎಂದು ಬೀದಿಗೆ ಕೇಳುವ ಹಾಗೆ ಕಿರುಚಿದ. ಮುಗಿಸಿದಾಗ ಮಾತ್ರ ಥೇಟ್ ಮೊದಲಿನ ಸಾಹುಕಾರ. ನಾನು ಕುಣಿದುಬಿಟ್ಟೆ.

ಬೆಳಿಗ್ಗೆ ಅವನು ನೀರಿನ ಬಟ್ಟಲಿನಲ್ಲಿ ಇಳಿದು ರೆಕ್ಕೆ ಬಡಿದು ಸ್ನಾನ ಮಾಡಿದ. ಪಂಜರದ ಕೆಳಗೆಲ್ಲ ಹಸಿರು ನೀರು. ಮೇಲೆ ಬಿಳೀ ಗಿಣಿ. ಹಿತ್ತಲಲ್ಲಿ ಬಿಳೀ ಹೀರೇಬಳ್ಳಿ, ಅದರಲ್ಲಿ ಬಿಳೀ ಹೀರೇಕಾಯಿ.

"ಬೆಳ್ಳಗಾಗಿದ್ದು ಒಂದಿತ್ತು, ಈಗ ಎರಡು ಮಾಡಿದೆ," ಎಂದಳು ಅಜ್ಜಿ. "ನಾಳೆ ನಾನು ಎಲೆ ಅಡಿಕೆ ಹಾಕ್ಕೊಳೋವಾಗ ನನ್ನಿಂದ ದೂರ ಇರೇ ತಾಯಿ."

ಕುಂಚವನ್ನು ಅಟ್ಟದ ಮೇಲೆ ಎಸೆದೆ. ಪಂಜರದ ಮುಂದೆ ಕೂತು ಅತ್ತೆ. ಅಳುತ್ತಾ ಅಳುತ್ತಾ ನೋಡಿದರೆ ಅವನ ಬಾಲದಲ್ಲಿ ಒಂದೇ ಒಂದು ಗರಿ ಹಸಿರಾಗಿತ್ತು. ಕಣ್ಣೊರೆಸಿಕೊಂಡು ನೋಡಿದೆ. ಹೌದು, ಹಸಿರೇ. ನಾನು ಶುರುವಿನಲ್ಲಿ ಪರೀಕ್ಷೆಗೆಂದು ಒಂದು ತುದಿ ಮುಟ್ಟಿಸಿದ ಗರಿ ಅದು. ಆಗ ಸಾಹುಕಾರ ಕೊಸರಿಕೊಂಡು ಹೋಗಿ ಪಂಜರದ ಮೂಲೆ ಸೇರಿದ್ದ, ಅವನನ್ನು ಹಿಡಿಯುವಷ್ಟರಲ್ಲಿ ಆ ಗರಿ ಒಣಗಿತ್ತು. ಆಮೇಲೆ ದಪ್ಪಗೆ ಮೆತ್ತಿದ್ದೆಲ್ಲ ತೊಳೆದುಹೋಗಿ ತೆಳ್ಳಗೆ ಹಚ್ಚಿದ್ದು ಉಳಿದಿತ್ತು. ಕೊಡುವಾಗ ಒಂದು ತುದಿಗಿಂತ ಹೆಚ್ಚು ಕೊಡಲಾರದವನು ತೆಗೆದುಕೊಳ್ಳುವಾಗ ಮಾತ್ರ ಹೆಚ್ಚು ಹೇಗೆ ತೆಗೆದುಕೊಂಡಾನು?

ಏಣಿ ಹಾಕಿ ಅಟ್ಟ ಹತ್ತಿ ಕುಂಚ ಹುಡುಕಿದೆ.

ಮಾರನೇ ಬೆಳಿಗ್ಗೆ ದೇವೀರಕ್ಕನ ಗಾಡಿಯ ಮುಂದೆ ಎರಡೂ ಕೈ ಮೇಲೆತ್ತಿ ನಿಂತೆ. "ಅಕ್ಕಾ, ಹೊಡೀಬೇಡ. ಒಂದೇ ಒಂದು ತುದಿ. ದಿನಕ್ಕೆ ಒಂದೇ."

"ಯಾಕೆ, ಈಗ ಯಾವ ಕಾಡು ಎಬ್ಬಿಸ್ತೀಯಾ?"

"ಸಾಹುಕಾರನಿಗೆ ಅಕ್ಕ. ದಿನಕ್ಕೊಂದು ಗರಿ."

ದೇವೀರಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು? ದಿನಾ? ನಮ್ಮ ಮೊಲ ನಗುತ್ತೆ ಕಣೇ." ಆದರೂ ಬೆಂಡೆಕಾಯಿಯ ಗುಡ್ಡೆಯಿಂದ ಒಂದನ್ನು ಎತ್ತಿ ಹಿಡಿದಳು. "ಇವತ್ತು ಇದು. ನಾಳೆ ಹಾಗಲಕಾಯಿ. ಒಂದೇ ಕಾಯಿ ಮೇಲೆ ಎರಡು ದಿನ ಕೈ ಇಟ್ಯೋ, ಕುಂಚ ಮುರಿದು ಒಲೆಗೆ ಹಾಕ್ತೀನಿ."

ಹಾಗೆ ಶುರುವಾಯಿತು. ಎದ್ದು ಮುಖ ತೊಳೆದು ಗಾಡಿಗೆ ಹೋಗುವುದು, ಹಸಿರು ತರುವುದು, ಒಂದು ಗರಿಗೆ ಹಚ್ಚುವುದು, ಒಣಗುವವರೆಗೂ ಅವನ ರೆಕ್ಕೆ ಹಿಡಿದು ಕೂರುವುದು, ಆಮೇಲೆ ಕಾಲೇಜು. ಮೊದಮೊದಲು ಅವನು ನನ್ನನ್ನು ಕಂಡರೆ ಸರಳು ಕಚ್ಚುತ್ತಿದ್ದ. ಕೈ ತೆಗಿ ಎಂದು ಅಂದು ಅಂದು ಗಂಟಲು ಕಟ್ಟಿಸಿಕೊಳ್ಳುತ್ತಿದ್ದ. ನನ್ನ ಬೆರಳುಗಳೆಲ್ಲ ಪ್ಲಾಸ್ಟರು. ಪರೀಕ್ಷೆಯ ದಿನ ಬಸ್ಸಿನ ಹಾರ್ನು ಕೇಳಿಸುತ್ತಿರುವಾಗ ಹಚ್ಚಿದ್ದೂ ಉಂಟು, ಅದು ಸೊಟ್ಟಗೇ ಆಯಿತು, ಆದರೂ ಒಂದಾಯಿತು. ನನಗೆ ನಿಜವಾದ ಜ್ವರ ಬಂದ ದಿನ ಅಜ್ಜಿ ಪಂಜರವನ್ನೇ ಮಂಚದ ಪಕ್ಕಕ್ಕೆ ತಂದು, ಅವನನ್ನು ಎದೆಗೊತ್ತಿ ಹಿಡಿದು, "ಹಚ್ಚೇ, ಆಮೇಲೆ ನರಳು," ಎಂದಳು. ಮನಸ್ಸೇ ಇಲ್ಲದ ದಿನಗಳಿದ್ದವು. ಅಂಥ ದಿನ ಗರಿಯನ್ನು ಬೈದುಕೊಂಡು ಹಚ್ಚುತ್ತಿದ್ದೆ. ಗರಿಗೆ ನನ್ನ ಮನಸ್ಸಿನ ವಿಷಯ ಗೊತ್ತಾಗುತ್ತಿರಲಿಲ್ಲ.

ಮನಸ್ಸು ತುಂಬಿ ಬಂದ ದಿನಗಳೇ ಹೆಚ್ಚು ಅಪಾಯ. ಒಂದು ಭಾನುವಾರ ಹಳೇ ಹುಚ್ಚು ಏರಿ, ಇವತ್ತು ಒಂದು ರೆಕ್ಕೆ ಪೂರ್ತಿ ಎಂದು ಹೊರಟೆ. ಮಾರನೇ ಸ್ನಾನಕ್ಕೆ ಹೊಸದೆಲ್ಲ ನೀರುಪಾಲು. ಸಾಹುಕಾರ ಬಟ್ಟಲಿನಿಂದ ನನ್ನನ್ನು ಓರೆಗಣ್ಣಲ್ಲಿ ನೋಡಿದ. ಅಜ್ಜಿ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು, ನಗುವುದಕ್ಕೆ.

ಹಸಿರು ಎಂದರೆ ಹಸಿರು ಎಂದುಕೊಂಡಿದ್ದವಳು ನಾನು. ಬೆಂಡೆಯ ಹಸಿರಿನಲ್ಲಿ ಬೂದಿ ಇದೆ, ಹಾಗಲದ್ದರಲ್ಲಿ ಹಳದಿ. ಮೆಣಸಿನಕಾಯಿಯದ್ದು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ, ವೀಳ್ಯದೆಲೆಯದ್ದು ನೆರಳಿಗೆ ಹಿಡಿದರೆ ಕಪ್ಪಾಗುತ್ತದೆ. ಯಾವುದು ಕತ್ತಿಗೆ, ಯಾವುದು ರೆಕ್ಕೆಯ ಒಳಮಗ್ಗುಲಿಗೆ ಎಂದು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದೆ. ಗರಿ ಮುಗಿದ ಮೇಲೆ ಕುಂಚದಲ್ಲಿ ಉಳಿದ ಚೂರನ್ನು ಹಳೇ ಕ್ಯಾಲೆಂಡರಿನ ಹಿಂಬದಿಗೆ ಒರೆಸುವುದು ಅಭ್ಯಾಸವಾಯಿತು. ಒರೆಸುವುದು ಯಾಕೆ ಎಂದು ಅದರಲ್ಲೇ ಅಂಗೈಯಗಲ ಏನಾದರೂ ಬರೆಯತೊಡಗಿದೆ: ಒಂದು ಬೆಂಡೆಕಾಯಿ, ದೇವೀರಕ್ಕನ ಕಾಲುಂಗುರ, ಚಿಲಕ, ಅಜ್ಜಿಯ ಬೋಳು ಕಿವಿ. ಬರೆದದ್ದನ್ನು ಅಕ್ಕಿ ಡಬ್ಬಿಯ ಮೇಲಿನ ಗೋಡೆಗೆ ಅಂಟಿಸುತ್ತಿದ್ದೆ. ಒಂದು ದಿನ ಅಮ್ಮ ಪಾಳಿ ಮುಗಿಸಿ ಬಂದು ಚಪ್ಪಲಿಯನ್ನೂ ಬಿಡದೆ ಆ ಗೋಡೆಯ ಮುಂದೆ ನಿಂತಳು. "ಇದೆಲ್ಲ ಯಾವಾಗ ಬರೆದ್ಯೇ?" ಎಂದಳು. ಯಾವಾಗ ಬರೆದೆ ಎಂದು ನನಗೂ ಹೊಳೆಯಲಿಲ್ಲ. ಒಂದೂ ಅರ್ಧ ಉಳಿದಿರಲಿಲ್ಲ.

ಆ ನಡುವೆ ಇಂದ್ರಾಣಿ ಮೇಡಂ ಮನೆಗೇ ಬಂದರು. ಮಾರ್ಕೆಟ್ಟಿನ ಗೋಡೆ ಕೊಡುತ್ತಿದ್ದಾರಂತೆ, ಬಸ್ ಸ್ಟ್ಯಾಂಡಿಗಿಂತ ಮೂರು ಪಾಲು ದೊಡ್ಡದಂತೆ, ಮುಂದಿನ ತಿಂಗಳು ಉದ್ಘಾಟನೆಯಂತೆ. ನನ್ನ ಕಾಲು ಆಗಲೇ ಕುಣಿಯತೊಡಗಿತ್ತು. ಪಂಜರದ ಕಡೆ ನೋಡಿದೆ. ಅರ್ಧ ಹಸಿರು, ಅರ್ಧ ಬಿಳುಪು.

"ಮೇಡಂ, ದಿನಕ್ಕೆ ಅಂಗೈಯಗಲ ಬರಿತೀನಿ. ಮುಗಿದಾಗ ಮುಗಿಯುತ್ತೆ."

"ಅರ್ಧ ಗೋಡೆ ಇಟ್ಕೊಂಡು ರಿಬ್ಬನ್ ಎಲ್ಲಿ ಕಟ್ಟೋದೇ?"

"ಅರ್ಧದಲ್ಲೇ ಕಟ್ಟಿ ಮೇಡಂ."

ಮೇಡಂ ಕಾಫಿ ಕುಡಿದು, ತಲೆ ಅಲ್ಲಾಡಿಸಿಕೊಂಡು ಹೋದರು. ಗೋಡೆ ಬೇರೆ ಹುಡುಗನಿಗೆ ಹೋಯಿತು. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು, ಎರಡು ದಿನ ಊಟ ಸೇರಲಿಲ್ಲ. ಆದರೆ ಆ ಎರಡು ದಿನಕ್ಕೂ ಎರಡು ಗರಿ ಆದವು.

ಕೊನೆಗೆ ನೆತ್ತಿಯ ಮೇಲಿನ ಒಂದಿಷ್ಟು ಮಾತ್ರ ಉಳಿದಿರುವಾಗ, ಒಂದು ಬೆಳಿಗ್ಗೆ ಪಂಜರದ ತಳದಲ್ಲಿ ಒಂದು ಗರಿ ಬಿದ್ದಿತ್ತು. ಮೊದಲನೆಯದು, ಬಾಲದ್ದು, ಅದೊಂದು ಉಳಿದದ್ದರಿಂದ ನಾನು ಅಟ್ಟ ಹತ್ತಿದ್ದು. ಅದು ಇದ್ದ ಜಾಗದಲ್ಲಿ ಹೊಸ ಗರಿಯ ಮೊಳಕೆ ಬಂದಿತ್ತು. ಬೆಳ್ಳಗೆ.

"ಅಜ್ಜೀ!" ಎಂದು ಕಿರುಚಿದೆ. ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದಳು. "ನೋಡಿಲ್ಲಿ. ಉದುರುತ್ತಿದೆ. ಹೊಸದೆಲ್ಲ ಬಿಳೀನೇ ಬರೋದು. ಇದು ಮುಗಿಯೋದೇ ಇಲ್ಲ ಅಜ್ಜಿ. ಇಷ್ಟು ದಿನ ಮಾಡಿದ್ದೆಲ್ಲ ಉದುರಿ ಹೋಗುತ್ತೆ."

ಅಜ್ಜಿ ಬಗ್ಗಿ ನೋಡಿದಳು. ಬಿದ್ದ ಗರಿಯನ್ನು ಎತ್ತಿ ತನ್ನ ತುರುಬಿಗೆ ಸಿಕ್ಕಿಸಿಕೊಂಡಳು. "ಮದುವೆಯಾಗಿ ಬಂದಾಗಿನಿಂದ ದಿನಾ ಅನ್ನ ಮಾಡ್ತಾ ಇದೀನಿ. ದಿನಾ ಖಾಲಿ ಮಾಡಿ ಏಳ್ತೀರಿ. ನಾನು ಯಾವತ್ತಾದ್ರೂ ಪಾತ್ರೆ ಮುಂದೆ ಕೂತು ಅತ್ತಿದೀನಾ?"

ನನಗೆ ನಗು ಬಂತು. ಯಾಕೆಂದರೆ ಹೊಟ್ಟೆಯ ಒಳಗೆಲ್ಲೋ ಸಮಾಧಾನವಾಗಿತ್ತು. ಎಲ್ಲ ಗರಿಯೂ ಮುಗಿದುಬಿಟ್ಟರೆ ಮಾರನೇ ಬೆಳಿಗ್ಗೆ ಎದ್ದು ಏನು ಮಾಡುವುದು ಎಂದು ಒಂದು ವಾರದಿಂದ ನನಗೆ ಒಳಗೊಳಗೇ ಹೆದರಿಕೆ ಹತ್ತಿತ್ತು.

"ಹಾಗಾದ್ರೆ ಎಲ್ಲ ಆಗೋವರೆಗೂ ಕಾಯೋದು ಬೇಡ," ಎಂದೆ. "ಬಾಗಿಲು ತೆಗಿ ಅಜ್ಜಿ."

"ಗಿಡುಗ?"

"ಎಲೆ ಮಧ್ಯ ಕೂತ್ರೆ ಕಾಣಲ್ಲ. ಕಾಣಬಾರ್ದು ಅಂತಲೇ ಅಲ್ವಾ ಇಷ್ಟು ದಿನ ಹಚ್ಚಿದ್ದು."

"ಹಾರಿಹೋಗಿ ವಾಪಸ್ಸೇ ಬರದಿದ್ರೆ? ಹೊಸಾದು ಬೆಳ್ಳಗೆ ಬರ್ತಾ ಹೋಗುತ್ತಲ್ಲೇ, ಯಾರು ಹಚ್ತಾರೆ ಅವನಿಗೆ?"

ನಾನು ಪಂಜರವನ್ನು ಎತ್ತಿ ಹಿತ್ತಲಿಗೆ ತಂದು ಸೀಬೆಮರದ ಎದುರು ಇಟ್ಟೆ. ಅಜ್ಜಿ ಹಿಂದೆಯೇ ಬಂದು ಚಿಲಕಕ್ಕೆ ಕೈ ಹಾಕಿದಳು. ಬೀಳುವುದಕ್ಕೆ ಅಷ್ಟು ಸತಾಯಿಸಿದ್ದ ಚಿಲಕ ಅವತ್ತು ತೆಗೆಯುವುದಕ್ಕೂ ಸತಾಯಿಸಿತು. ಅಜ್ಜಿ ಅದಕ್ಕೆ ಉಳಿದಿದ್ದ ಬೈಗುಳವನ್ನೆಲ್ಲ ಬೈದಳು.

ಸಾಹುಕಾರ ಬಾಗಿಲಿಗೆ ಬಂದು ಕೂತ, ರೆಕ್ಕೆ ಕೊಡವಿದ, ಹೋದ. ಸಂಜೆ ಹಿಂಡು ಬಂತು. ಸೀಬೆಮರದಲ್ಲಿ ಗಲಾಟೆ ಎದ್ದಿತು. ನಾನೂ ಅಜ್ಜಿಯೂ ಮರದ ಕೆಳಗೆ ಕತ್ತೆತ್ತಿ ನಿಂತೆವು. ಗಿಡುಗ ಮೇಲೆ ಸುತ್ತುತ್ತಿತ್ತು. ಸುತ್ತಿತು, ಸುತ್ತಿತು, ಎರಗಲು ಏನೂ ಕಾಣದೆ ಬಿಸ್ಕತ್ತು ಫ್ಯಾಕ್ಟರಿಯ ಕಡೆಗೆ ಹೊರಟುಹೋಯಿತು. ಗಿಣಿಗಳು ಯಾರನ್ನೂ ಕುಕ್ಕಲಿಲ್ಲ. ನಾನು ಕೊಂಬೆ ಕೊಂಬೆ ಹುಡುಕಿದೆ. ಒಂದೊಂದು ಗರಿಯನ್ನೂ ಕೈಯಾರೆ ಹಚ್ಚಿದ ನನಗೇ ಅವನು ಯಾರು, ಎಲೆ ಯಾವುದು ಎಂದು ತಿಳಿಯಲಿಲ್ಲ. ನಾನು ಬರೆದದ್ದರಲ್ಲೆಲ್ಲ ಚೆನ್ನಾಗಿ ಬಂದಿರುವುದು ಅದೇ ಇರಬೇಕು. ಯಾರೂ ಚಪ್ಪಾಳೆ ತಟ್ಟುವ ಹಾಗಿಲ್ಲ, ಕಾಣುವುದೇ ಇಲ್ಲವಲ್ಲ.

ಕತ್ತಲಾಯಿತು. ಅವನು ಕಿಟಕಿಗೆ ಬರಲಿಲ್ಲ.

ಬೆಳಿಗ್ಗೆ ಎದ್ದು ಮುಖ ತೊಳೆದು ಗಾಡಿಗೆ ಹೋದೆ. "ಗಿಣಿ ಹೋಯ್ತಂತಲ್ಲೇ? ಇನ್ನೇನಕ್ಕೆ ಬಂದೆ?" ಎಂದಳು ದೇವೀರಕ್ಕ.

"ಇವತ್ತು ಯಾವುದು ಅಕ್ಕಾ?"

ಅವಳು ಒಂದು ಹಸಿಮೆಣಸಿನಕಾಯಿ ಎತ್ತಿ ಹಿಡಿದಳು. ಒಂದು ತುದಿ ತೆಗೆದುಕೊಂಡೆ. ಹಿತ್ತಲಿಗೆ ಬಂದು ಕ್ಯಾಲೆಂಡರಿನ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮರದ ಕೆಳಗೆ ಕೂತೆ. ಬಾಗಿಲು ತೆರೆದ ಪಂಜರ ಎದುರಿಗೇ ಇತ್ತು. ಅದನ್ನೇ ಬರೆಯೋಣ ಎಂದು ಕುಂಚ ಇಡುವಷ್ಟರಲ್ಲಿ ಎಲೆಗಳ ನಡುವಿನಿಂದ ಗೊಗ್ಗರು ದನಿಯೊಂದು ಗದರಿಸಿತು.

"ಕೈ ತೆಗಿ!"

ತೆಗೆದೆ. ಸಾಹುಕಾರ ಇಳಿದು ಬಂದು ನನ್ನ ಎಡಗೈಯ ಮಣಿಕಟ್ಟಿನ ಮೇಲೆ ಕೂತ. ಅತ್ತಿತ್ತ ನೋಡಿ, ಬಾಲವನ್ನು ನನ್ನ ಕಡೆ ತಿರುಗಿಸಿ, ಆ ಬಿಳೀ ಗರಿಯನ್ನು ಅಗಲ ಮಾಡಿ ಹಿಡಿದ.